ಮೀನಿನ ಕರುಳಿಗೂ ಬೆಲೆ ಇದೆ, ಬೆಲ್ಲದ ಲೆಕ್ಕ ಮಾತ್ರ ನೋಡಿಕೊಳ್ಳಿ

ಒಂದು ಮೀನಿನಲ್ಲಿ ನಾವು ತಿನ್ನುವುದು ಹೆಚ್ಚೆಂದರೆ ಅರ್ಧದಿಂದ ಮುಕ್ಕಾಲು. ಸಿಗಡಿಯದ್ದಂತೂ ತಲೆ ಮತ್ತು ಚಿಪ್ಪೇ ಅರ್ಧದ ಹತ್ತಿರ ಹೋಗುತ್ತದೆ. ಉಳಿದದ್ದು ಎಲ್ಲಿಗೆ? ಕರಾವಳಿಯ ದೊಡ್ಡ ಕಾರ್ಖಾನೆಗಳಲ್ಲಿ ಅದಕ್ಕೆ ದಾರಿಯಿದೆ, ಗಿರಾಕಿಯೂ ಇದ್ದಾನೆ. ನಮ್ಮಂಥ ಒಳನಾಡಿನ ಊರುಗಳಲ್ಲಿ ಅದರ ದಾರಿ ಚರಂಡಿ, ಇಲ್ಲವೇ ನಾಯಿ, ಇಲ್ಲವೇ ಹಳ್ಳ.

ದೋಣಿಮಲೈಯ ಹೆಸರಿನಲ್ಲಿ ದೋಣಿ ಇದೆ, ಹತ್ತಿರದಲ್ಲೆಲ್ಲೂ ಕಡಲಿಲ್ಲ. ಆದರೆ ಮೀನಿಗೆ ಬರವಿಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಕಟ್ಲಾ, ರೋಹು, ಗೆಂಡೆ, ಜಿಲೇಬಿ ಇದೆ. ಮಂಜುಗಡ್ಡೆ ಹಾಕಿದ ಪೆಟ್ಟಿಗೆಯಲ್ಲಿ ಕರಾವಳಿಯಿಂದ ಬರುವ ಬಂಗುಡೆ, ಬೂತಾಯಿಯೂ ಇದೆ. ಕೊಯ್ದು ಕೊಡುವವರ ಕಟ್ಟೆಯ ಕೆಳಗೆ ದಿನವೂ ಒಂದಷ್ಟು ಕರುಳು, ಕಿವಿರು, ಹುರುಪೆ ಬೀಳುತ್ತದೆ. ನೂರು ಕಿಲೋ ಕಟ್ಲಾ ಕೊಯ್ದರೆ, ತಲೆಯನ್ನು ಗಿರಾಕಿಯೇ ಸಾರಿಗೆ ಒಯ್ದರೂ, ಹೆಚ್ಚುಕಡಿಮೆ 15-20 ಕಿಲೋ ಉಳಿಯುತ್ತದೆ. ಅದನ್ನು ಹೊಲಕ್ಕೆ ತಂದರೆ ಲಾಭವೇ? ಎಷ್ಟು ಲಾಭ? ಯಾವ ರೀತಿ ಮಾಡಿದರೆ ಲಾಭ, ಯಾವ ರೀತಿ ಮಾಡಿದರೆ ಬರೀ ಖರ್ಚು? ಇದನ್ನು ನೋಡೋಣ.

ಮೊದಲು ಕರಾವಳಿಯ ಕತೆ

ಮೀನನ್ನು ಗೊಬ್ಬರ ಮಾಡುವುದು ಹೊಸ ವಿದ್ಯೆಯೇನಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ತೆಂಗಿನ ಬುಡಗಳು ತಲೆಮಾರುಗಳಿಂದ ಬೂತಾಯಿ ಉಂಡು ಬೆಳೆದವು. ರಂಪಣಿ ಬಲೆಗೆ ರಾಶಿ ರಾಶಿ ಮೀನು ಬಿದ್ದ ದಿನ, ತಿಂದು, ಮಾರಿ, ಒಣಗಿಸಿ ಮಿಕ್ಕಿದ್ದು ತೋಟಕ್ಕೆ ಹೋಗುತ್ತಿತ್ತು. ಆಗಿನ್ನೂ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1905ರ ನಂತರ ಆ ಸರ್ಕಾರದ ಮೀನುಗಾರಿಕೆಯ ಕೆಲಸ ವಹಿಸಿಕೊಂಡ ಸರ್ ಫ್ರೆಡರಿಕ್ ನಿಕಲ್ಸನ್, ದಡದಲ್ಲಿ ಕೊಳೆಯುತ್ತಿದ್ದ ಬೂತಾಯಿಯನ್ನು ಬೇಯಿಸಿ, ಹಿಂಡಿ, ಎಣ್ಣೆ ಬೇರೆ ಹಿಂಡಿ ಬೇರೆ ಮಾಡುವ ಸರಳ ವಿಧಾನವನ್ನು ಹಬ್ಬಿಸಿದರು. (ರೈತರಿಗೆ ಸಹಕಾರಿ ಸಾಲ ಬೇಕು ಎಂದು ಸರ್ಕಾರಕ್ಕೆ 1890ರ ದಶಕದಲ್ಲೇ ದೊಡ್ಡ ವರದಿ ಬರೆದುಕೊಟ್ಟವರೂ ಇವರೇ.) ಕೆಲವೇ ವರ್ಷಗಳಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡದಲ್ಲಿ ಇಂಥ ಸಣ್ಣ ಸಣ್ಣ ಭಟ್ಟಿಗಳು ನೂರಾರು ಎದ್ದವು. ಅಲ್ಲಿನ ಮೀನುಗೊಬ್ಬರ ಸಿಲೋನಿನ ತೋಟಗಳವರೆಗೂ ಹೋಯಿತು.

1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದವು, ರಂಪಣಿ ಹಿಂದೆ ಸರಿಯಿತು. ಆಮೇಲೆ ಕೋಳಿ ಸಾಕಣೆ, ಸಿಗಡಿ ಸಾಕಣೆ ಬೆಳೆದಂತೆ ಫಿಶ್‌ಮೀಲ್ ಅಂದರೆ ಮೀನುಹಿಟ್ಟಿಗೆ ಬೇಡಿಕೆ ಏರಿತು. ಇವತ್ತು ಉಳ್ಳಾಲ, ಮುಕ್ಕ, ಮಲ್ಪೆ ಸುತ್ತ ಇರುವ ಮೀನುಹಿಟ್ಟಿನ ಕಾರ್ಖಾನೆಗಳಿಗೆ ಸಣ್ಣ ಮೀನು, ತಿನ್ನಲು ಬಾರದ ಮೀನು, ಸಂಸ್ಕರಣೆಯಲ್ಲಿ ಉಳಿದ ತಲೆ-ಮುಳ್ಳು ಎಲ್ಲ ಬೇಕು. ಐದು ಕಿಲೋ ಹಸಿ ಮೀನಿಗೆ ಸುಮಾರು ಒಂದು ಕಿಲೋ ಹಿಟ್ಟು. ಅಂದ್ರೆ ತೋಟದವನ ಕೈಗೆ ಅಗ್ಗವಾಗಿ ಸಿಗುತ್ತಿದ್ದ ಮೀನು ಈಗ ಕೋಳಿಯ, ಸಿಗಡಿಯ ಬಾಯಿಗೆ ಹೋಗುತ್ತಿದೆ. ಅದರ ಜೊತೆ ಪೈಪೋಟಿ ಮಾಡಲು ಸಣ್ಣ ರೈತನಿಂದ ಆಗದು. ನಮಗೆ ಉಳಿದಿರೋದು ಕಾರ್ಖಾನೆಯ ಲಾರಿ ಬಾರದ ಜಾಗಗಳ ಕಸ. ಸಣ್ಣ ಸಂತೆ, ಊರ ಮಾರುಕಟ್ಟೆ, ಜಲಾಶಯದ ದಡ. ದಿನಕ್ಕೆ ಇಪ್ಪತ್ತು-ಐವತ್ತು ಕಿಲೋ ಕಸಕ್ಕೆ ಯಾವ ಕಾರ್ಖಾನೆಯೂ ಲಾರಿ ಕಳಿಸುವುದಿಲ್ಲ. ಅಷ್ಟು ನಮಗೆ ಸಾಕು.

ಸಿಗಡಿಯ ಸಿಪ್ಪೆಯದು ಬೇರೆಯೇ ಕತೆ. ಒಣಗಿದ ಸಿಪ್ಪೆಯಲ್ಲಿ ಮೂರು ಸರಕು ಇವೆ: ಪ್ರೋಟೀನು, ಸುಣ್ಣ (ಕ್ಯಾಲ್ಸಿಯಂ ಕಾರ್ಬೊನೇಟ್), ಮತ್ತೆ ಕೈಟಿನ್. ಈ ಕೈಟಿನ್ನನ್ನು 1811ರಲ್ಲಿ ಫ್ರಾನ್ಸಿನ ಬ್ರಾಕೊನೊ ಎಂಬುವರು ಮೊದಲು ಕಂಡದ್ದು ಅಣಬೆಯಲ್ಲಿ. ಕೀಟದ ಹೊರಮೈ, ಏಡಿಯ ಚಿಪ್ಪು ಎಲ್ಲದರಲ್ಲೂ ಇರುವುದು ಇದೇ. ಸಿಪ್ಪೆಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿದರೆ ಸುಣ್ಣ ಕರಗಿ ಹೋಗುತ್ತದೆ, ತೆಳು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಪ್ರೋಟೀನು ಹೋಗುತ್ತದೆ, ಉಳಿದದ್ದು ಕೈಟಿನ್. ಅದನ್ನು ಮತ್ತೆ ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಕೈಟೋಸಾನ್. ಬೀಜೋಪಚಾರ, ನೀರು ತಿಳಿ ಮಾಡುವುದು, ಗಾಯದ ಪಟ್ಟಿ, ಹೀಗೆ ಹತ್ತಾರು ಕಡೆ ಇದಕ್ಕೆ ಬಳಕೆ. 1957ರಲ್ಲಿ ಶುರುವಾದ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ. ಮೀನಿನ ಕರುಳಿನಿಂದ ಆಪರೇಷನ್ನಿಗೆ ಬೇಕಾದ ಹೊಲಿಗೆ ದಾರ ಮಾಡುವ ವಿಧಾನವನ್ನೂ ಇದೇ ಸಂಸ್ಥೆ ರೂಪಿಸಿದೆ. ನಾವು ಹಳ್ಳಕ್ಕೆ ಎಸೆಯುವ ಕರುಳು!

ಆದರೆ ಕೈಟೋಸಾನ್ ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಗಟ್ಟಿ ಕಾಸ್ಟಿಕ್ ಸೋಡಾ ಮೈಮೇಲೆ ಬಿದ್ದರೆ ಮಾಂಸ ಸುಡುತ್ತದೆ, ತೊಳೆದ ನೀರನ್ನು ಎಲ್ಲಿ ಬಿಡುವುದು ಎಂಬುದೇ ದೊಡ್ಡ ತಲೆನೋವು. ಮಹಿಳಾ ಸಂಘಕ್ಕೆ ಇದನ್ನು 'ಗೃಹೋದ್ಯಮ' ಅಂತ ಹೇಳಿಕೊಡಲು ಯಾರಾದರೂ ಬಂದರೆ, ತೊಳೆದ ನೀರಿಗೆ ಏನು ವ್ಯವಸ್ಥೆ ಎಂದು ಮೊದಲು ಕೇಳಿ.

ಸಿಗಡಿ ಸಿಪ್ಪೆಯನ್ನು ಹಾಗೇ ಪುಡಿ ಮಾಡಿ ಮಣ್ಣಿಗೆ ಹಾಕಬಹುದೇ? ಹಾಕಬಹುದು. ಕೈಟಿನ್ ತಿನ್ನುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿ ಹೆಚ್ಚುತ್ತವೆ. ಜಂತುಹುಳುವಿನ (ನೆಮಟೋಡ್) ಮೊಟ್ಟೆಯ ಕವಚದಲ್ಲಿಯೂ ಕೈಟಿನ್ ಇರುವುದರಿಂದ ಅವು ಅದನ್ನೂ ತಿನ್ನುತ್ತವೆ. ದಾಳಿಂಬೆ, ಟೊಮೇಟೊ ಬೆಳೆಯುವವರಿಗೆ ಇದು ಕಿವಿ ನಿಮಿರುವ ಮಾತು. ಆದರೆ ಗಿಡಕ್ಕೊಂದು ಹಿಡಿ ಹಾಕಿದರೆ ಈ ಪವಾಡ ಆಗದು. ಎಕರೆಗೆ ಟನ್ನಿನ ಲೆಕ್ಕದಲ್ಲಿ ಬೇಕು. ಅಷ್ಟು ಸಿಪ್ಪೆಯನ್ನು ಕರಾವಳಿಯಿಂದ ಹೊತ್ತು ತರುವ ಬಾಡಿಗೆಗೆ ಬೇವಿನ ಹಿಂಡಿಯೇ ಬರುತ್ತದೆ.

ಅವರಿಗೆ ಅಮೃತ, ನಮಗಲ್ಲ

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಮರುವಾಯಿ, ಪಚ್ಚಿಲೆಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಎಲೆಅಡಿಕೆಗೂ ಅದೇ, ಗೋಡೆಗೂ ಅದೇ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಅದೇ (ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ). ಮಳೆ ಹೆಚ್ಚಾದ ಅಲ್ಲಿನ ಜಂಬಿಟ್ಟಿಗೆ ಮಣ್ಣು ಹುಳಿ. ಅದಕ್ಕೆ ಚಿಪ್ಪಿನ ಸುಣ್ಣ ಬಲು ಒಳ್ಳೆಯದು.

ಅದನ್ನು ಓದಿ ಕಂಪ್ಲಿ, ಸಿರುಗುಪ್ಪ ಕಡೆಯ ಎರೆಭೂಮಿಯವರು ಚಿಪ್ಪಿನ ಪುಡಿ ತರಿಸಬೇಡಿ. ಎರೆಯಲ್ಲಿ ಸುಣ್ಣ ಮೊದಲೇ ಧಾರಾಳ. ಕಾಲುವೆ ನೀರಾವರಿಯಿಂದ ಸವಳಾದ ನೆಲಕ್ಕೆ ಬೇಕಾದದ್ದು ಜಿಪ್ಸಂ ಮತ್ತು ನೀರು ಬಸಿಯುವ ದಾರಿ.

ಅದೇ ಕಾರಣಕ್ಕೆ ಒಣಮೀನಿನ ಕಸವನ್ನೂ ದೂರ ಇಡಿ. ಉಪ್ಪು ಹಾಕಿ ಒಣಗಿಸಿದ ಮೀನಿನ ಪುಡಿ, ತಲೆ, ಮುಳ್ಳು ಅಗ್ಗಕ್ಕೆ ಸಿಕ್ಕುತ್ತದೆ ಅಂತ ಆಸೆಯಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕರಾವಳಿಯಲ್ಲಿ ಆ ಉಪ್ಪು ತೊಳೆದುಹೋಗುತ್ತದೆ. ನಮ್ಮಲ್ಲಿ ಬೀಳುವ ಮಳೆಗೆ ಉಪ್ಪು ಹೋಗುವುದಿಲ್ಲ, ಬುಡದಲ್ಲೇ ಕೂರುತ್ತದೆ. ಜಲಾಶಯದ ಸಿಹಿನೀರಿನ ಮೀನಿನ ಕಸಕ್ಕೆ ಈ ತೊಂದರೆ ಇಲ್ಲ. ಈ ಒಂದು ವಿಷಯದಲ್ಲಿ ನಾವು ಕರಾವಳಿಯವರಿಗಿಂತ ಮೇಲು.

ಬೆಲ್ಲದ ಲೆಕ್ಕ

ಮೀನುಗೊಬ್ಬರದಲ್ಲಿ ಏನಿದೆ? ಚೆನ್ನಾಗಿ ಒಣಗಿದ ಮೀನುಗೊಬ್ಬರದಲ್ಲಿ ಸಾರಜನಕ ಶೇಕಡ 4ರಿಂದ 10, ರಂಜಕ 3ರಿಂದ 9, ಪೊಟ್ಯಾಷ್ ಒಂದರ ಆಸುಪಾಸು. ಹಸಿ ಕಸದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಸಾರಜನಕ ಶೇಕಡ 2ರಷ್ಟು ಅಂತ ಇಟ್ಟುಕೊಳ್ಳಿ. ನೂರು ಕಿಲೋ ಹಸಿ ಕಸದಲ್ಲಿ ಎರಡು ಕಿಲೋ ಸಾರಜನಕ. ಯೂರಿಯಾಕ್ಕೆ ಹೋಲಿಸಿದರೆ ನಾಲ್ಕೂಕಾಲು ಕಿಲೋ ಚಿಲ್ಲರೆ. ಈಗಿನ 45 ಕಿಲೋ ಚೀಲದ ಹತ್ತನೇ ಒಂದು ಪಾಲು.

ನಿರಾಸೆ ಆಯಿತೇ? ಆಗಲಿ, ಇದು ಗೊತ್ತಿರಲೇಬೇಕು. ಕಬ್ಬಿಗೆ ಎಕರೆಗೆ ನೂರು ಕಿಲೋ ಸಾರಜನಕದ ಶಿಫಾರಸಿದೆ. ಅದನ್ನು ಮೀನಿನ ಕಸದಿಂದಲೇ ಕೊಡುತ್ತೇನೆ ಅಂದರೆ ಐದು ಟನ್ ಕಸ ಬೇಕು. ಆಗಹೋಗದ ಮಾತು.

ಈಗ ಊರೂರಲ್ಲಿ ಹೇಳಿಕೊಡುವ 'ಮೀನಿನ ಅಮೈನೋ ಆಮ್ಲ'ದ ಪಾಕ ನೋಡಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಬೆಲ್ಲ. ಕೊರಿಯಾದ ಚೋ ಹಾನ್-ಕ್ಯು ಅವರ ಸಹಜ ಕೃಷಿಯ ಜೊತೆ ಹಬ್ಬಿದ ಪದ್ಧತಿ ಇದು. ತಮಿಳುನಾಡಿನ ಸಾವಯವ ಕೃಷಿಕರ ಮೂಲಕ ನಮ್ಮ ಕಡೆಗೂ ಬಂತು. ಪದ್ಧತಿ ತಪ್ಪಲ್ಲ, ಕೆಲಸವೂ ಮಾಡುತ್ತದೆ. ಆದರೆ ಲೆಕ್ಕ ನೋಡಿ. ಎರಡು ಕಿಲೋ ಸಾರಜನಕ ಹಿಡಿದಿಡಲು ಒಂದು ಕ್ವಿಂಟಾಲ್ ಬೆಲ್ಲ! ಹೊಸಪೇಟೆ, ಕಂಪ್ಲಿ ಕಡೆ ಆಲೆಮನೆ ಇದ್ದವರಿಗೂ ಇದು ದುಬಾರಿ. ಎರಡು ಕುಂಡ ಗುಲಾಬಿ ಇಟ್ಟ ಪೇಟೆಯವರಿಗೆ ಸರಿ. ಅರ್ಧ ಎಕರೆ ತರಕಾರಿ ಇಟ್ಟವನಿಗೆ ಸರಿಯಲ್ಲ.

ಅಷ್ಟು ಬೆಲ್ಲ ಯಾಕೆ ಬೇಕಾಗುತ್ತದೆ ಅಂದ್ರೆ, ಅದು ಮುರಬ್ಬದ ವಿಧಾನ. ಸಕ್ಕರೆ ಹೆಚ್ಚಾದಾಗ ಅದು ನೀರನ್ನು ಎಳೆದುಕೊಂಡು ಕೊಳೆಸುವ ಜೀವಿಗಳಿಗೆ ನೀರೇ ಸಿಗದಂತೆ ಮಾಡುತ್ತದೆ. ಕೆಡದಂತೆ ಇಡಲು ಅದೊಂದೇ ದಾರಿಯೇ? ಮನೆಯಲ್ಲೇ ನೋಡಿ, ಹಾಲನ್ನು ನಾವು ಹೇಗೆ ಉಳಿಸುತ್ತೇವೆ? ಹೆಪ್ಪು ಹಾಕಿ ಮೊಸರು ಮಾಡುತ್ತೇವೆ. ಹುಳಿಯಾದ ಮೇಲೆ ಕೊಳೆಸುವ ಜೀವಿಗಳು ಅಲ್ಲಿ ಬದುಕುವುದಿಲ್ಲ. ಮೀನನ್ನೂ ಹಾಗೇ ಹುಳಿ ಮಾಡಿ ಇಡಬಹುದು. ಇದಕ್ಕೆ ಸೈಲೇಜ್ ಅನ್ನುತ್ತಾರೆ. ಹಸಿರು ಮೇವಿನ ಸೈಲೇಜ್ ಬಲ್ಲವರಿಗೆ ಹೆಸರು ಹೊಸದಲ್ಲ. 1920ರ ದಶಕದಲ್ಲಿ ಫಿನ್ಲೆಂಡಿನ ಎ. ಐ. ವಿರ್ಟಾನೆನ್ ಮೇವಿಗೆ ಆಮ್ಲ ಹಾಕಿ ಕೆಡದಂತೆ ಇಡುವುದನ್ನು ತೋರಿಸಿದರು. ಅದೇ ಉಪಾಯ ಮೀನಿಗೂ ಬಂತು. 1948ರ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಇದೊಂದು ಉದ್ಯಮವೇ ಆಗಿತ್ತು.

ಎರಡು ದಾರಿ ಇವೆ: ಆಮ್ಲ ಹಾಕಿ ಹುಳಿ ಮಾಡುವುದು, ಇಲ್ಲವೇ ಹೆಪ್ಪು ಹಾಕಿ ಹುಳಿ ಮಾಡುವುದು.

ಆಮ್ಲದ ದಾರಿ

ಇದಕ್ಕೆ ಬೇಕಾದ್ದು ಫಾರ್ಮಿಕ್ ಆಮ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ಕೃಷಿಕರನ್ನು ಕೇಳಿ, ಹಾಲು ಗಟ್ಟಿಯಾಗಲು ಅವರು ದಿನವೂ ಬಳಸುವ ಆಮ್ಲ ಇದೇ. ನೂರು ಕಿಲೋ ಕೊಚ್ಚಿದ ಕಸಕ್ಕೆ ಶೇಕಡ 85ರ ಫಾರ್ಮಿಕ್ ಆಮ್ಲ ಮೂರರಿಂದ ಮೂರೂವರೆ ಕಿಲೋ. ಚೆನ್ನಾಗಿ ಕಲಸಬೇಕು. ಆಮ್ಲ ತಾಗದ ಒಂದು ಮುದ್ದೆ ಉಳಿದರೂ ಅಲ್ಲಿಂದಲೇ ಕೊಳೆತ ಶುರು. ರಸಸಾರ (ಪಿ.ಎಚ್.) 4ಕ್ಕಿಂತ ಕೆಳಗೆ ಇರಬೇಕು, ಅದನ್ನು ನೋಡುವ ಕಾಗದದ ಪಟ್ಟಿ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಮುಳ್ಳು ಜಾಸ್ತಿ ಇದ್ದರೆ ಅದರ ಸುಣ್ಣ ಆಮ್ಲವನ್ನು ನುಂಗುತ್ತದೆ, ಇನ್ನಷ್ಟು ಹಾಕಬೇಕಾಗುತ್ತದೆ.

ಆಮೇಲೆ ನಡೆಯುವುದು ಸೋಜಿಗ. ಮುದ್ದೆ ತಾನಾಗಿ ನೀರಾಗುತ್ತದೆ. ಮೀನಿನ ಹೊಟ್ಟೆಯಲ್ಲಿ ಊಟ ಅರಗಿಸುವ ಕಿಣ್ವಗಳೇ ಈಗ ಮೀನನ್ನೂ ಅರಗಿಸುತ್ತವೆ. ಅದಕ್ಕೇ ಕರುಳು ಇರಲೇಬೇಕು. ಬರೀ ತಲೆ, ಹುರುಪೆ ಹಾಕಿದರೆ ತಿಂಗಳಾದರೂ ಹಾಗೇ ಇರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಒಂದು ವಾರದಲ್ಲಿ ಗಂಜಿಯ ಹದ ಬರುತ್ತದೆ. ಡ್ರಮ್ಮನ್ನು ನೆರಳಲ್ಲೇ ಇಡಿ. ತೀರಾ ಕಾದರೆ ಕಿಣ್ವವೂ ಸಾಯುತ್ತದೆ. ಮೇಲೆ ಎಣ್ಣೆ ತೇಲುತ್ತದೆ, ಅದನ್ನು ಸೌಟಿನಲ್ಲಿ ತೆಗೆದುಬಿಡಿ. ಎಣ್ಣೆ ಇದ್ದರೆ ಸ್ಪ್ರೇಯರಿನ ನಾಜಲ್ ಕಟ್ಟುತ್ತದೆ, ಎಲೆಯೂ ಸುಡಬಹುದು.

ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ತಗಡು ತೂತು ಬೀಳುತ್ತದೆ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಅದರ ಹೊಗೆ ಎದೆಗೆ ಹೋದರೆ ಕೆಮ್ಮು ಬಿಡುವುದಿಲ್ಲ, ಬಯಲಲ್ಲಿ ಮಾಡಿ. ಮನೆಯಲ್ಲಿ ಮಕ್ಕಳಿದ್ದರೆ, ಬೀಗ ಹಾಕಿ ಇಡುವ ಜಾಗ ಇಲ್ಲದಿದ್ದರೆ, ಈ ದಾರಿ ಬಿಟ್ಟು ಮುಂದಿನದನ್ನು ಹಿಡಿಯಿರಿ.

ಹೆಪ್ಪಿನ ದಾರಿ

ನನಗೆ ಹೆಚ್ಚು ಒಪ್ಪುವುದು ಇದು. ಮೊಸರಿನ ಜೀವಿಗಳಿಗೆ ಹುಳಿ ಮಾಡಲು ಸಿಹಿ ಬೇಕು. ಹಾಲಿನಲ್ಲಿ ಆ ಸಿಹಿ ಇದೆ, ಮೀನಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದ್ದರಿಂದ ಬೆಲ್ಲ ಇಲ್ಲಿ ಹುಳಿ ಮಾಡುವ ಜೀವಿಗೆ ಊಟ, ಮೀನಿಗೆ ಮುರಬ್ಬದ ಪಾಕ ಅಲ್ಲ. ಊಟ ಎಷ್ಟು ಬೇಕೋ ಅಷ್ಟು ಸಾಕು. ನೂರು ಕಿಲೋ ಕಸಕ್ಕೆ 10ರಿಂದ 15 ಕಿಲೋ ಕರಿಬೆಲ್ಲ, ಎರಡು-ಮೂರು ಲೀಟರ್ ಹುಳಿ ಮೊಸರು. ಬೆಲ್ಲದ ಖರ್ಚು ಏಳರಲ್ಲಿ ಒಂದು ಪಾಲಿಗೆ ಇಳಿಯಿತು. ಬೆಲ್ಲ ಕೆಂಪಾಗಿರಬೇಕು, ಬಿಳಿಯಾಗಿರಬೇಕು ಎಂಬ ಮುಲಾಜಿಲ್ಲ. ಮಳೆಗೆ ನೀರೂರಿ ಮಾರಾಟವಾಗದೆ ಉಳಿದದ್ದೇ ಒಳ್ಳೆಯದು.

ಕಸವನ್ನು ಆದಷ್ಟು ಸಣ್ಣಗೆ ಕೊಚ್ಚಿ. ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಮೊಸರು ಸೇರಿಸಿ, ಕಸಕ್ಕೆ ಕಲಸಿ. ಡ್ರಮ್ಮಿನಲ್ಲಿ ಒತ್ತಿ ತುಂಬಿ, ಗಾಳಿ ಒಳಗೆ ಹೋಗದಂತೆ ಮುಚ್ಚಿ. ಆದರೆ ಒಳಗಿನ ಗಾಳಿ ಹೊರಬರಲು ದಾರಿ ಇರಲಿ, ಇಲ್ಲದಿದ್ದರೆ ಮುಚ್ಚಳ ಹಾರುತ್ತದೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿದರೂ ನಡೆಯುತ್ತದೆ. ಮೂರರಿಂದ ಏಳು ದಿನದಲ್ಲಿ ವಾಸನೆ ಬದಲಾಗುತ್ತದೆ. ಹುಳಿ-ಸಿಹಿ ಮಿಶ್ರ, ಉಪ್ಪಿನಕಾಯಿ ಭರಣಿ ತೆಗೆದಂತೆ. ರಸಸಾರ ನಾಲ್ಕೂವರೆಗಿಂತ ಇಳಿದಿದ್ದರೆ ಗೆದ್ದಂತೆ. ಒಂದು ವಾರ ಆದರೂ ಹೆಣದ ವಾಸನೆ ಬರುತ್ತಿದ್ದರೆ ಹೆಪ್ಪು ಹಿಡಿದಿಲ್ಲ. ಅದಕ್ಕೆ ಮತ್ತೆ ಬೆಲ್ಲ ಸುರಿಯುತ್ತಾ ಕೂರಬೇಡಿ, ಗೊಬ್ಬರದ ಗುಂಡಿಗೆ ಹಾಕಿ.

ಎರಡೂ ದಾರಿಯಲ್ಲಿ ಒಂದು ನಿಯಮ ಸಾಮಾನ್ಯ: ಕಸ ಹೊಸದಾಗಿರಬೇಕು. ಬೆಳಿಗ್ಗೆ ಬಿದ್ದ ಕರುಳು ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಮುಗಿದ ಲೆಕ್ಕ. ಕೊಳೆತಂತೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಬಡಿಯುವ ಆ ನಾತ ಇದೆಯಲ್ಲ, ಅದು ನಿಮ್ಮ ಗೊಬ್ಬರವೇ. ಇದಕ್ಕೊಂದು ಉಪಾಯ: ಬೆಲ್ಲ-ಮೊಸರಿನ ನೀರನ್ನು ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ ಬೆಳಿಗ್ಗೆಯೇ ಮೀನು ಕೊಯ್ಯುವವರ ಬಳಿ ಇಟ್ಟುಬಿಡುವುದು. ಕರುಳು ಕತ್ತಿಯಿಂದ ನೇರ ಹೆಪ್ಪಿಗೇ ಬೀಳುತ್ತದೆ, ನೊಣವೂ ಕೂರುವುದಿಲ್ಲ, ಸಂಜೆ ಬಕೆಟ್ ಬದಲಾಯಿಸಿದರಾಯಿತು. ಆಮ್ಲದ ಬಕೆಟ್ಟನ್ನು ಮಾತ್ರ ಮಾರುಕಟ್ಟೆಯಲ್ಲಿ ಇಡಬೇಡಿ.

ಹಾಗೆ ಎತ್ತಿಡುವ ಅಕ್ಕನಿಗೆ, ತಮ್ಮನಿಗೆ ಕಿಲೋ ಲೆಕ್ಕದಲ್ಲಿ ಏನಾದರೂ ಕೊಡಿ. ಪುಕ್ಕಟೆ ಕೇಳಿದರೆ ಎರಡು ದಿನ ಎತ್ತಿಡುತ್ತಾರೆ, ಮೂರನೇ ದಿನ ಚರಂಡಿಗೇ ಹಾಕುತ್ತಾರೆ. ತಪ್ಪು ಅವರದ್ದಲ್ಲ.

ಎಲ್ಲಿಗೆ, ಎಷ್ಟು

ಗದ್ದೆಗೆ, ಕಬ್ಬಿಗೆ ಈ ಗೊಬ್ಬರ ಸಾಲದು ಅಂತ ಆಗಲೇ ಹೇಳಿದೆ. ಸಸಿಮಡಿ, ತರಕಾರಿ, ಬಾಳೆ, ಹೊಸದಾಗಿ ನೆಟ್ಟ ಹಣ್ಣಿನ ಗಿಡ, ಇವಕ್ಕೆ ಸರಿ. ಒಂದು ಲೀಟರ್ ಸೈಲೇಜನ್ನು ನೂರು ಲೀಟರ್ ನೀರಿಗೆ ಬೆರೆಸಿ ಬುಡಕ್ಕೆ. ಎಲೆಗಾದರೆ ಬಟ್ಟೆಯಲ್ಲಿ ಸೋಸಿ, ಲೀಟರ್ ನೀರಿಗೆ 5 ಮಿಲಿ, ಸಂಜೆ ಹೊತ್ತು. ಮೊದಲು ನಾಲ್ಕು ಗಿಡಕ್ಕೆ ಹೊಡೆದು ಮೂರು ದಿನ ನೋಡಿ, ಆಮೇಲೆ ಎಲ್ಲಕ್ಕೆ. ಹಸಿಯಾಗಿ ತಿನ್ನುವ ಸೊಪ್ಪು, ವೀಳ್ಯದೆಲೆಗೆ ಸಿಂಪಡಿಸಬೇಡಿ, ಬುಡಕ್ಕೆ ಮಾತ್ರ. ಹಡಗಲಿಯ ಮಲ್ಲಿಗೆಯವರಿಗೂ ಅದೇ ಮಾತು. ಮೊಗ್ಗಿನ ಹೊತ್ತಲ್ಲಿ ಹೊಡೆದರೆ ಮುಡಿಯುವವರು ಮೂಗು ಮುಚ್ಚಿಕೊಂಡಾರು.

ಪೊಟ್ಯಾಷ್ ಇದರಲ್ಲಿ ಕಡಿಮೆ. ಬಾಳೆಗೆ ಬೂದಿಯನ್ನೋ, ಪೊಟ್ಯಾಷನ್ನೋ ಬೇರೆಯಾಗಿ ಕೊಡಲೇಬೇಕು. ರಂಜಕ ಇರುವುದು ಮುಳ್ಳಿನಲ್ಲಿ. ದೋಣಿಮಲೈ ಸುತ್ತಿನ ಕಬ್ಬಿಣದ ಕೆಂಪು ನೆಲವೂ, ಸುಣ್ಣದ ಎರೆಯೂ ರಂಜಕವನ್ನು ಹಿಡಿದಿಟ್ಟುಕೊಳ್ಳುವ ನೆಲಗಳೇ. ಮುಳ್ಳನ್ನು ಬರೀ ಮಣ್ಣಿಗೆ ಹಾಕಿದರೆ ಗಿಡಕ್ಕೆ ಸಿಗುವುದು ತಡ. ತಿಪ್ಪೆಗೊಬ್ಬರದ ಜೊತೆ ಬೆರೆತು ಬೇರಿನ ಹತ್ತಿರ ಇದ್ದರೆ ಮೇಲು.

ಸೈಲೇಜನ್ನು ನಾಟಿ ಕೋಳಿಗೂ ಕೊಡಬಹುದು. ಒಮ್ಮೆ ಚೆನ್ನಾಗಿ ಕುದಿಸಿ, ಕಂಪ್ಲಿ, ಗಂಗಾವತಿಯ ರೈಸ್‌ಮಿಲ್ ತೌಡಿಗೆ ಕಲಸಿ, ಒಣಗಿಸಿ, ಮೇವಿನಲ್ಲಿ ಹತ್ತರಲ್ಲೊಂದು ಪಾಲು ಮೀರದಂತೆ. ಜಾಸ್ತಿಯಾದರೆ ಮೊಟ್ಟೆ ಮೀನು ನಾರುತ್ತದೆ. ದನಕ್ಕೆ ಬೇಡ. ನಮ್ಮ ದೇಶದಲ್ಲಿ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ಶನ್ನು ಕದ್ದು ಸಾಕುವವರು ಇಂಥ ಕಸಕ್ಕೆ ಬರುತ್ತಾರೆ, ಅವರಿಗಂತೂ ಬೇಡವೇ ಬೇಡ.

ಡ್ರಮ್ಮು ಬೇಡ ಅನ್ನುವವರಿಗೆ

ಹುರುಪೆ, ದಪ್ಪ ಮುಳ್ಳು, ಹೆಪ್ಪು ಹಿಡಿಯದ ಡ್ರಮ್ಮಿನ ಮಾಲು, ಎಲ್ಲಕ್ಕೂ ಕಾಂಪೋಸ್ಟ್ ಇದೆ. ಇದರಲ್ಲಿ ಖರ್ಚು ಅಂದ್ರೆ ಮೈ ಬೆವರು ಅಷ್ಟೇ. ಮೀನಿನಲ್ಲಿ ಸಾರಜನಕ ವಿಪರೀತ, ಒಣ ಕಸದಲ್ಲಿ ಅದರ ಬರ, ಒಂದಕ್ಕೊಂದು ಜೋಡಿ. ಕಬ್ಬಿನ ರವದಿ, ಮೆಕ್ಕೆಜೋಳದ ದಂಟು, ಶೇಂಗಾ ಹೊಟ್ಟು, ಭತ್ತದ ಹೊಟ್ಟು, ಯಾವುದಾದರೂ ಸರಿ. ಬುಟ್ಟಿ ಲೆಕ್ಕದಲ್ಲಿ ಒಂದು ಮೀನಿನ ಕಸಕ್ಕೆ ಮೂರು ಒಣ ಕಸ.

ತಳಕ್ಕೆ ಒಂದು ಅಡಿ ಒಣ ಕಸ ಹಾಸಿ. ಮೇಲೆ ಮೂರು-ನಾಲ್ಕು ಇಂಚು ಮೀನು, ಅದರ ಮೇಲೆ ಮತ್ತೆ ಒಣ ಕಸ ಮತ್ತು ಒಂದಿಷ್ಟು ಸಗಣಿ ನೀರು. ಹೀಗೆ ಎದೆಮಟ್ಟ ಏರಿಸಿ. ಕೊನೆಯ ಹೊದಿಕೆ ಒಂದು ಅಡಿಗೆ ಕಡಿಮೆ ಇರಬಾರದು. ವಾಸನೆ ತಡೆಯುವುದು ಆ ಹೊದಿಕೆಯೇ. ಮೀನು ಅಂಚಿನಿಂದ ಒಂದು ಗೇಣು ಒಳಗೇ ಇರಲಿ. ನಾಯಿ, ಹಂದಿಗೆ ಏನು ಮಾಡುವುದು? ಜಾಲಿ ಮುಳ್ಳಿಗೆ ನಮ್ಮ ಸೀಮೆಯಲ್ಲಿ ಬರವೇ? ಸುತ್ತಲೂ ಮೇಲೂ ಹೇರಿ. ಎರಡು-ಮೂರು ದಿನದಲ್ಲಿ ರಾಶಿಯ ಒಳಗೆ ಕೈ ಇಡಲಾರದಷ್ಟು ಕಾವು ಬರಬೇಕು. ಆ ಕಾವಿಗೆ ರೋಗಾಣು, ನೊಣದ ಮರಿ ಸಾಯುತ್ತವೆ. ಕಾವು ಬಾರದಿದ್ದರೆ ಒಂದೋ ನೀರು ಕಡಿಮೆ, ಇಲ್ಲವೇ ಒಣ ಕಸ ಅತಿಯಾಗಿದೆ. ಮುಷ್ಟಿಯಲ್ಲಿ ಹಿಂಡಿದರೆ ಎರಡು ಹನಿ ಜಿನುಗುವಷ್ಟು ತೇವ ಸಾಕು. ಐದು ವಾರಕ್ಕೆ ಒಮ್ಮೆ ಮಗುಚಿ, ಮೂರು ತಿಂಗಳಿಗೆ ಗೊಬ್ಬರ. ಹುರುಪೆ ಇನ್ನೂ ಮಿನುಗುತ್ತಿದ್ದರೂ ಚಿಂತೆಯಿಲ್ಲ, ಮಣ್ಣಲ್ಲಿ ಕರಗುತ್ತದೆ. ಬಾವಿ, ಬೋರ್‌ವೆಲ್‌ನಿಂದ ದೂರ ಮಾಡಿ.

ಹಸಿ ಮೀನನ್ನು ನೇರ ಬುಡಕ್ಕೆ ಹೂಳುವುದು ಕರಾವಳಿಯ ತೆಂಗಿಗೆ ನಡೆದೀತು. ನಮ್ಮಲ್ಲಿ ರಾತ್ರಿಯೇ ನಾಯಿಗಳು ಗಿಡವನ್ನೂ ಸೇರಿಸಿ ಕಿತ್ತುಹಾಕುತ್ತವೆ, ಎಳೆ ಬೇರಿಗೂ ಅಷ್ಟು ಅಮೋನಿಯಾ ತಡೆಯದು.

ಹೊಳೆಗೆ ಎಸೆಯುವ ಚಾಳಿ ಬಗ್ಗೆ ಒಂದು ಮಾತು. ಜಲಾಶಯದ ಕೆಳಗಿನಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಮೀನಿನ ಕಸ ಮೀನಿಗೇ ಹೋಗಲಿ ಬಿಡಿ ಅನ್ನುವವರಿದ್ದಾರೆ. ಬೇಸಿಗೆಯಲ್ಲಿ ಮಡುವಾಗಿ ನಿಂತ ನೀರಿಗೆ ಕರುಳು ಬಿದ್ದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಸಾಯುವುದು ಮೊದಲು ಮೀನು, ಹಸಿದು ಹೊಲಕ್ಕೆ ಬರುವುದು ನಾಯಿ.

ಶುರು ಮಾಡುವವರು ಒಂದು ಐವತ್ತು ಲೀಟರಿನ ಡ್ರಮ್ಮಿನಿಂದ ಮಾಡಿ. ಅದಕ್ಕೆ ಮೂವತ್ತೈದು-ನಲವತ್ತು ಕಿಲೋ ಕಸ ಹಿಡಿಸುತ್ತದೆ, ನಾಲ್ಕೈದು ಕಿಲೋ ಬೆಲ್ಲ, ಒಂದು ಲೀಟರ್ ಮೊಸರು. ಹುಳಿ ಹಿಡಿದ ಸೈಲೇಜ್ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕೆಡದು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ, ಕಡಲ ಮೀನಿನ ಪೆಟ್ಟಿಗೆಗಳು ಆಗ ಕಡಿಮೆ. ನಮಗೆ ಸಸಿಮಡಿಗೆ ಗೊಬ್ಬರ ಬೇಕಾಗುವುದು ಸರಿಯಾಗಿ ಅದೇ ಹೊತ್ತಿಗೆ. ಡ್ರಮ್ಮು ಮೇ ತಿಂಗಳಲ್ಲೇ ತುಂಬಿರಲಿ.